ಹಿತ್ತಲಿನ ಒಗೆಯುವ ಕಲ್ಲು

ಸವಡಿಯ ತವರಿಗೆ ಹೋದ ದಿನವೇ ಅಲ್ಲಿ ತಮ್ಮನ ವಾಷಿಂಗ್ ಮಷಿನ್ ಕೆಟ್ಟಿತ್ತು. ನನ್ನ ನಸೀಬೇ ಅಷ್ಟು! ಹಿತ್ತಲಿನ ಕಲ್ಲಿನ ಮೇಲೆ ಅರಿವೆ ಬಡಿಯುತ್ತ ಕೂತೆ. ಸಬಕಾರದ ನೊರೆ ಸರಿದಾಗ ಕಲ್ಲಿನ ಒಂದು ತುದಿಯಲ್ಲಿ ಉಳಿಯ ಗುರುತು ಕಂಡಿತು. ಗೌಂಡಿ ಕಾಕಾ...

ನಮ್ಮ ಕಡೆ ಗೋಡೆ ಕಟ್ಟುವವರಿಗೆ ಗೌಂಡಿ ಅನ್ನುತ್ತೇವೆ. ಈ ಮನೆ ಕಟ್ಟಿದವರು ಅವರೇ. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಮಾಳಿಗೆಯ ಮೇಲೆ ಮಳೆ ಸೋರದಂಥ ಸವುಳು ಮಣ್ಣು, ನಡುಮನೆಗೆ ಬಿಸಿಲು ಇಳಿಯಲು ಒಂದೇ ಬೆಳಕಿಂಡಿ. ಬಾಗಿಲ ಬಳಿ ಎತ್ತುಗಳು, ಒಂದು ಮೆಟ್ಟಿಲು ಮೇಲೆ ನಾವು. ಹೊರಗೆ ಧಗೆ ಎಷ್ಟೇ ಇರಲಿ, ಒಳಗೆ ನೀರಿನ ಗಡಿಗೆಯಷ್ಟು ತಂಪು. ಇಷ್ಟು ಚೆಂದದ ಮನೆಯನ್ನು ನಾನು ಮತ್ತೆಲ್ಲೂ ನೋಡಿಲ್ಲ, ಬೇಕಾದರೆ ಜಗಳಕ್ಕೆ ಬನ್ನಿ.

ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಮಳೆಗಾಲ, ಎತ್ತು ಕಟ್ಟುವ ಕಡೆಯ ಗೋಡೆ ಹೊರಕ್ಕೆ ಉಬ್ಬಿ ಹೊಟ್ಟೆ ಬಿಟ್ಟಿತು. ಕಾಕಾ ಬಂದು ಅಂಗೈ ಇಟ್ಟು ಸವರಿ ನೋಡಿದರು. ಅಪ್ಪ ಓಣಿಯ ಮಂದಿಯ ಮುಂದೆಯೇ ಸಿಡಿದ.

"ಏನ್ ಗೌಂಡಿ, ಇದೇನ ನಿನ್ನ ಕೆಲಸ? ಇನ್ ಮ್ಯಾಲ ಯಾರ್ ಮನಿ ಕಟ್ಟಿಸ್ತಾರ ನಿನ್ನ ಕೈಲೆ?"

ಗೌಂಡಿಗೆ ಹೆಸರೇ ಅನ್ನ. ಕಾಕಾ ತಲೆ ತಗ್ಗಿಸಿದರು. "ಗ್ವಾಡಿ ಎರಡೂ ಮುಖ ಹಿಡಿಯೋ ಉದ್ದನ್ ಕಲ್ಲ ಇಲ್ಲೆ ಹಾಕಬೇಕಿತ್ರಿ ಅಣ್ಣಾರ. ಗಿಡ್ಡ ಕಲ್ಲ ಹಾಕೀನಿ. ತಪ್ಪ ನಂದ."

ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದ ಅಜ್ಜಿಯ ಕೈ ನಿಂತಿತು. ಮಂದಿ ಹೋದ ಮೇಲೆ ಒಗೆಯುವ ಕಲ್ಲು ತೋರಿಸಿ ನನ್ನ ಕಿವಿಯಲ್ಲಿ, "ಆ ಉದ್ದನ್ ಕಲ್ಲ ಇದ ನೋಡವಾ. ಮನಿ ಕಟ್ಟೂವಾಗ, ಒಗ್ಯಾಕ ಚಲೋ ಐತಿ ಅಂತ ಹಟಾ ಮಾಡಿ ನಾನ ಇಸ್ಕೊಂಡೆ. ಅಂವಾ ಬ್ಯಾಡಂದಿದ್ದ..." ಎಂದಳು.

ಮರುದಿನ ಕಾಕಾ ಬರುವುದರೊಳಗೆ ಅಜ್ಜಿ ಕಲ್ಲನ್ನು ಕೀಳಿಸಿ ಗೋಡೆಯ ಪಕ್ಕ ಇಡಿಸಿದ್ದಳು. ಕಾಕಾ ಅದರ ಮೇಲೆ ಕೈಯಾಡಿಸಿ ನಕ್ಕುಬಿಟ್ಟರು. "ಒಗದ ಒಗದ ನುಣ್ಣಗ ಮಾಡೀರಿ ಅವ್ವಾರ. ಇದಕ್ಕ ಈಗ ಮಣ್ಣ ಹತ್ತೂದಿಲ್ಲ. ನೀವ ಒಗೀರಿ."

ಗಜೇಂದ್ರಗಡದ ಕಡೆಯಿಂದ ಬೇರೆ ಕಲ್ಲು ತಂದು ಗೋಡೆ ಎಬ್ಬಿಸಿದರು. ಆದರೆ ಆ ವರ್ಷ ಊರಲ್ಲಿ ಎದ್ದ ಎರಡೂ ಮನೆಗಳನ್ನು ಕಾಕಾಗೆ ಕೊಡದೆ ನರಗುಂದದ ಗೌಂಡಿಯಿಂದ ಕಟ್ಟಿಸಿದರು. ಅಜ್ಜಿ ಅಪ್ಪನಿಗೆ ಹೆದರಿ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಾಕಾ ಹೋದರು, ಅಜ್ಜಿಯೂ ಹೋದಳು. ಗೋಡೆ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಮೊನ್ನೆ ಅದೇ ಕಲ್ಲಿನ ಬಳಿ ಅರಿವೆ ಹಿಂಡುತ್ತ, ಕಟ್ಟೆಯ ಮೇಲಿದ್ದ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪ ಎದ್ದು ಹೋಗಿ ಆ ಗೋಡೆಯ ಮೇಲೆ ಅಂಗೈ ಇಟ್ಟ.

"ಗೌಂಡಿಗೆ ಮಂದಿ ಮುಂದ ಅಂದ್ನಲ್ಲವಾ..." ಎಂದ. "ಎಲ್ಲಾ ಮಂದಿ ಮುಂದ ಅಂದೆ."