ಯಾರಿಗೂ ಹೇಳದೆ ಬಿಟ್ಟ ಗುಳಿಗೆ

ಲಕ್ಷ್ಮೇಶ್ವರದ ಬಜಾರಿಗೆ ಹತ್ತಿದ ಓಣಿಯೊಂದರಲ್ಲಿ ಉಸ್ಮಾನಸಾಬನ ಚುರುಮುರಿ ಭಟ್ಟಿ ಇದೆ. ಹೆಸರು ಅವನದಾದರೂ ಬೆಂಕಿಯ ಮುಂದೆ ನಿಲ್ಲುತ್ತಿದ್ದವಳು ಅವನ ಹೆಂಡತಿ ಖೈರುನಬಿ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ಕೈಗೆ ಉದ್ದ ಹಿಡಿಕೆಯ ಸಟ್ಟುಗ ಕೊಟ್ಟಿದ್ದಳು. ಕಾದ ಮರಳಿನಲ್ಲಿ ಅಕ್ಕಿ ಅರಳುವಾಗ ಏಳುವ ಝಳಕ್ಕೆ ಹೊಸಬರು ಮುಖ ತಿರುಗಿಸುತ್ತಿದ್ದರು. ಅವಳು ಸೆರಗನ್ನು ಕಿವಿಯ ಹಿಂದೆ ಸಿಗಿಸಿಕೊಂಡು, ಗಿರಾಕಿಗಳನ್ನು ನಗಿಸುತ್ತಲೇ ಕೈಯಾಡಿಸುತ್ತಿದ್ದಳು.

ನಲವತ್ತು ದಾಟಿದ ಮರುವರ್ಷ ಎದೆಯಲ್ಲಿ ಗಂಟು ಸಿಕ್ಕಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಒಂದು ಮೊಲೆ ತೆಗೆದರು. ಆಮೇಲೆ ಕಿಮೋ. ಕೂದಲು ಉದುರುತ್ತದೆ, ವಾಂತಿಯಾಗುತ್ತದೆ ಎಂದು ನರ್ಸಬಾಯಿ ಮೊದಲೇ ಹೇಳಿದ್ದರಿಂದ ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಮುಟ್ಟು ನಿಲ್ಲುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಅದು ಒಮ್ಮೆಲೇ ನಿಂತಿತು. ಪಕ್ಕದ ಮನೆಯ ಗದಿಗೆವ್ವ ಕೇಳಿ ನಕ್ಕಳು.

"ಪೀಡಾ ಹೋತು ಬಿಡವಾ. ನನಗೂ ನಿಂತೈತಿ, ಎಲ್ಲಾರಿಗೂ ನಿಂದರತೈತಿ."

ಖೈರುನಬಿಗೂ ಹಾಗೆಯೇ ಅನಿಸಿತ್ತು. ಪ್ರತಿ ರಂಜಾನಿನಲ್ಲಿ ಮುಟ್ಟಿನಿಂದ ತಪ್ಪಿದ ರೋಜಾಗಳನ್ನು ಹಬ್ಬ ಮುಗಿದ ಮೇಲೆ ಒಬ್ಬಳೇ ಹಿಡಿದು ತೀರಿಸುತ್ತಿದ್ದವಳು ಅವಳು. ಈ ಸಲ ತಿಂಗಳಿಡೀ ಹಿಡಿಯಬಹುದಿತ್ತು. ಆದರೆ ಡಾಕ್ಟರು ಉಪವಾಸವೇ ಬೇಡವೆಂದರು.

ಕಿಮೋ ಮುಗಿದ ಮೇಲೆ ದಿನಕ್ಕೊಂದು ಗುಳಿಗೆ ಕೊಟ್ಟರು. ರೋಗ ಮರಳದಂತೆ ವರ್ಷಗಟ್ಟಲೆ ನುಂಗಬೇಕು ಎಂದರು. ಮುಟ್ಟು ನಿಂತಾಗಿನಿಂದ ಆಗೊಮ್ಮೆ ಈಗೊಮ್ಮೆ ಕಾಯುತ್ತಿದ್ದ ಮೈ, ಗುಳಿಗೆ ಹಿಡಿದ ಮೇಲೆ ಹೊತ್ತುಗೊತ್ತಿಲ್ಲದೆ ಉರಿಯತೊಡಗಿತು. ಉರಿ ಎದೆಯ ಗಾಯದ ಹತ್ತಿರ ಹುಟ್ಟಿ ಕುತ್ತಿಗೆ, ಮುಖ, ನೆತ್ತಿಗೆ ಏರುತ್ತಿತ್ತು. ಕುಪ್ಪಸ ತೊಯ್ದು ತಪ್ಪಡಿಯಾಗುತ್ತಿತ್ತು. ಅದರ ಬೆನ್ನಿಗೇ ಹಲ್ಲು ಕಟಕಟಿಸುವ ಚಳಿ. ಭಟ್ಟಿಯಿಂದಾದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಬಹುದು. ಇದರಿಂದ ಸರಿಯಲು ಜಾಗವಿರಲಿಲ್ಲ. ನಿದ್ದೆ ಕೆಟ್ಟಿತು, ನಿದ್ದೆಯ ಹಿಂದೆ ಸ್ವಭಾವ ಕೆಟ್ಟಿತು. ಮಗಳು ನಿಶಾತ ತಂದ ಚಹಾ ಬಿಸಿಯಾಗಿತ್ತೆಂದು ಗಾಜಿನ ಲೋಟ ಒಗೆದಳು. ಆಮೇಲೆ ಚೂರು ಆರಿಸುತ್ತ ಅಳುತ್ತ ಕುಳಿತಳು.

ಶಿರಹಟ್ಟಿಯಲ್ಲಿ ನಾದಿನಿಯ ಮಗಳ ನಿಶ್ಚಯವಿತ್ತು. ಹೆಂಗಸರೆಲ್ಲ ಒಂದೇ ಕೋಣೆಯಲ್ಲಿ ಒತ್ತಾಗಿ ಕುಳಿತಿದ್ದರು. ಅತ್ತರಿನ ವಾಸನೆ, ಬಿರಿಯಾನಿಯ ಹಬೆ. ಉರಿ ಏರಿದ ರಭಸಕ್ಕೆ ಖೈರುನಬಿಗೆ ಎಲ್ಲಿದ್ದೇನೆಂಬುದೇ ಮರೆಯಿತು. ತಲೆಗೆ ಸುತ್ತಿದ ಬಟ್ಟೆಯನ್ನು ಕಿತ್ತೆಸೆದಳು. ಕೂದಲು ಆಗಷ್ಟೇ ಮೊಳೆಯುತ್ತಿದ್ದ ಬೋಳುತಲೆ ಎಲ್ಲರಿಗೂ ಕಂಡಿತು. ನಾದಿನಿ ಓಡಿಬಂದು ತನ್ನ ಓಢಣಿ ಹೊದಿಸಿದಳು.

"ಭಾಬಿ, ಬೀಗರು ನೋಡಾಕತ್ತಾರ. ಶುಭದ ಮನಿಯಾಗ ಹಿಂಗ ಮಾಡಬ್ಯಾಡ್ರಿ."

"ಜೀವ ಹೊಂಟೈತವಾ, ಗಾಳಿ ಬಿಡ್ರಿ," ಎಂದಳು ಖೈರುನಬಿ. ಯಾರೂ ಸರಿಯಲಿಲ್ಲ. ಅಂದಿನಿಂದ ಅವಳು ಯಾರ ಕಾರ್ಯಕ್ಕೂ ಹೋಗಲಿಲ್ಲ. ಕೆಲವರು ಕರೆಯುವುದನ್ನೂ ಬಿಟ್ಟರು.

ಗಂಡನ ಸಂಗದ ಮಾತಂತೂ ಯಾರ ಮುಂದೆಯೂ ಆಡುವಂಥದ್ದಲ್ಲ. ಅವಳು ವಾಂತಿ ಮಾಡುವಾಗ ಬೋಗುಣಿ ಹಿಡಿದು ಕುಳಿತಿದ್ದವನು ಅವನೇ. ತಿಂಗಳುಗಳ ನಂತರ ಹತ್ತಿರ ಬಂದಾಗ ಅವಳಿಗೆ ಒಳಗಿನ ಚರ್ಮವೇ ಹರಿದಂತಾಯಿತು. ಚೀರಿ, ಎರಡೂ ಕೈಯಿಂದ ಅವನನ್ನು ದೂಡಿದಳು. ಅವನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ಉಸ್ಮಾನಸಾಬ ಅಂಗಡಿಯಲ್ಲೇ ಹಾಸಿಕೊಳ್ಳತೊಡಗಿದ.

ಇದಕ್ಕೆಲ್ಲ ಗುಳಿಗೆಯೇ ಕಾರಣವೆಂದು ಅವಳು ತನಗೆ ತಾನೇ ತೀರ್ಮಾನಿಸಿಕೊಂಡಳು. ನಿಶಾತ ಎದುರಿಗೆ ನಿಂತು ಕೊಟ್ಟರೆ ನಾಲಿಗೆಯ ಕೆಳಗಿಟ್ಟುಕೊಂಡು, ಆಕೆ ತಿರುಗಿದೊಡನೆ ಉಗುಳುತ್ತಿದ್ದಳು. ವಾರಗಳು ಕಳೆದಂತೆ ಉರಿ ಪೂರಾ ನಿಲ್ಲದಿದ್ದರೂ ಇಳಿಯಿತು. ಕಣ್ಣಿಗೆ ನಿದ್ದೆ ಹತ್ತಿತು. ಆ ಮಳೆಗಾಲ ಮತ್ತೆ ಸಟ್ಟುಗ ಹಿಡಿದಳು. ಖೈರುನಬಿ ಮೊದಲಿನಂತಾದಳು ಎಂದು ಓಣಿಯೆಲ್ಲ ಅಂದುಕೊಂಡಿತು.

ಚಳಿಗಾಲದಲ್ಲಿ ಬೆನ್ನು ಹಿಡಿಯಿತು. ಅಕ್ಕಿಯ ಚೀಲ ಎತ್ತಿದ್ದಕ್ಕೆ ಇರಬೇಕೆಂದು ಎಣ್ಣೆ ತಿಕ್ಕಿಸಿಕೊಂಡಳು. ಕಡಿಮೆಯಾಗದಾಗ ಹುಬ್ಬಳ್ಳಿಗೆ ಹೋದರು. ಮೊದಲಿನಿಂದ ಅವಳನ್ನು ನೋಡುತ್ತಿದ್ದ ಡಾಕ್ಟರ್ ಸುನಿತಾ ಸ್ಕ್ಯಾನ್ ನೋಡಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ರೋಗ ಬೆನ್ನೆಲುಬಿಗೆ ಇಳಿದಿತ್ತು.

"ಖರೆ ಹೇಳವಾ, ಗುಳಿಗಿ ಬಿಟ್ಟೀಯೇನು?"

ಖೈರುನಬಿ ಪಕ್ಕದಲ್ಲಿದ್ದ ಗಂಡನ ಕಡೆ ನೋಡಲಿಲ್ಲ. "ಬಿಟ್ಟೇನ್ರಿ. ಮೈಯಾಗಿನ ಉರಿ ತಡಕೊಳ್ಳಾಕ ಆಗಲಿಲ್ರಿ."

"ನನ್ನ ಮುಂದ ಯಾಕ ಹೇಳಲಿಲ್ಲ? ಅದಕ್ಕ ಔಷಧ ಇತ್ತಲ್ಲ."

"ನೀವು ಗಾಯ ನೋಡಿದ್ರಿ, ರಕ್ತ ನೋಡಿದ್ರಿ. ಇದನ್ನ ಕೇಳಲೇ ಇಲ್ಲಲ್ರಿ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಹೌದು. ಕೇಳಬೇಕಾಗಿತ್ತು."

"ಬಿಟ್ಟಿದ್ದಕ್ಕ ಬಂತೇನ್ರಿ ಇದು?"

"ಹೇಳಾಕ ಬರೂದಿಲ್ಲ. ತಪ್ಪದ ನುಂಗಿದವರಿಗೂ ಒಮ್ಮೊಮ್ಮೆ ಬರತೈತಿ."

ಅಪರಾಧ ತನ್ನದೇ ಎಂದಿದ್ದರೂ ಅವಳು ಹೊರುತ್ತಿದ್ದಳು, ಅಲ್ಲವೆಂದಿದ್ದರೆ ಹಗುರಾಗುತ್ತಿದ್ದಳು. ಈ ಉತ್ತರವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೂ ಇಲ್ಲವೆಂದು, ತಲೆ ತಗ್ಗಿಸಿಕೊಂಡೇ, ಗಂಡ ಹತ್ತಿರ ಬಂದಾಗಿನ ಆ ನೋವಿನ ಮಾತನ್ನೂ ಕೇಳಿಬಿಟ್ಟಳು. ಮುಟ್ಟು ಅಕಾಲಕ್ಕೆ ನಿಂತಿದ್ದರಿಂದ ಒಳಗೆ ಒಣಗುತ್ತದೆ, ಅದು ಮನಸ್ಸಿನ ಕೆಲಸವಲ್ಲ ಎಂದು ಡಾಕ್ಟರ್ ಇಬ್ಬರಿಗೂ ಬಿಡಿಸಿ ಹೇಳಿದಳು. ಬೇರೆ ಹೆಂಗಸರಿಗೆ ಕೊಡುವ ಹಾರ್ಮೋನಿನ ಔಷಧ ರೋಗವನ್ನೇ ಬೆಳೆಸುವುದರಿಂದ ಅವಳಿಗೆ ಸಲ್ಲದು. ಉರಿಗೆ ಇನ್ನೊಂದು ಗುಳಿಗೆ, ನೋವಿಗೆ ಹಚ್ಚುವ ಜೆಲ್ ಬರೆದಳು. ರೋಗವನ್ನು ಇನ್ನು ಹಿಡಿದಿಡಬಹುದು, ಕಳೆಯಲಾಗದು ಎಂಬುದನ್ನೂ ಮುಚ್ಚಲಿಲ್ಲ.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಉಸ್ಮಾನಸಾಬ ಕಾಲ ಬೆರಳು ನೋಡುತ್ತ ಕುಳಿತ.

"ನಾ ನಿನಗ ಬ್ಯಾಡಾಗೇನಿ ಅಂತ ತಿಳಕೊಂಡಿದ್ದೆ," ಎಂದ.

"ನನ್ನ ಮೈ ನೋಡಿ ನಿಮಗ ಹೇಸಿಗಿ ಬಂದೈತಿ ಅಂತ ನಾ ತಿಳಕೊಂಡಿದ್ದೆ."

ಲಕ್ಷ್ಮೇಶ್ವರದ ಬಸ್ಸು ಬಂದಿತು. ಇಬ್ಬರೂ ಏಳಲಿಲ್ಲ. ಮುಂದಿನ ಬಸ್ಸಿಗೆ ಹೋದರು.

ಈಗ ಭಟ್ಟಿಯ ಮುಂದೆ ಉಸ್ಮಾನಸಾಬ ನಿಲ್ಲುತ್ತಾನೆ. ಖೈರುನಬಿ ನಡುವಿಗೆ ಪಟ್ಟಿ ಬಿಗಿದುಕೊಂಡು ಅಂಗಡಿಯ ಕುರ್ಚಿಯಲ್ಲಿ ಕುಳಿತು ಚುರುಮುರಿ ಅಳೆದು ಕೊಡುತ್ತಾಳೆ. ತಿಂಗಳಿಗೊಮ್ಮೆ, ರೋಗ ಹಿಡಿದಿಡುವ ಸೂಜಿಗೆ ಹುಬ್ಬಳ್ಳಿಗೆ ಹೋಗುತ್ತಾಳೆ. ಹೊಸ ಗುಳಿಗೆ ಉರಿಯನ್ನು ಅರ್ಧಕ್ಕರ್ಧ ಇಳಿಸಿದೆ, ಉಳಿದರ್ಧ ಉಳಿದೇ ಇದೆ. ಅದು ಏರುವಾಗ ಗಿರಾಕಿಗಳೆದುರೇ "ಬಂತ್ರಿ" ಎಂದು ಕೂಗುತ್ತಾಳೆ. ಗಂಡ ಸಟ್ಟುಗ ಬಿಟ್ಟು ಬಂದು ಫ್ಯಾನನ್ನು ಅವಳ ಕಡೆ ತಿರುಗಿಸುತ್ತಾನೆ. ಗಿರಾಕಿಗಳು ಎತ್ತ ನೋಡಬೇಕೋ ತಿಳಿಯದೆ ನಿಲ್ಲುತ್ತಾರೆ. ಅವಳು ಮುಖ ಒರೆಸಿಕೊಂಡು, ಚಳಿಗೆ ಶಾಲು ಎಳೆದುಕೊಂಡು, ಮತ್ತೆ ಅಳೆಯುತ್ತಾಳೆ. ಈ ವಾರ ನೋವು ಬೆನ್ನಿನಿಂದ ಸೊಂಟಕ್ಕೆ ಇಳಿದಿದೆ. ಅದನ್ನು ಗಂಡನಿಗೆ ಆಗಲೇ ಹೇಳಿದ್ದಾಳೆ.