ಪದ್ಮಕ್ಕನ ತಾಟು

ಪದ್ಮಕ್ಕ, ನಿಮ್ಮನ್ನು ಉಪವಾಸ ಕೆಡವಿದವಳು ನಾನು. ಬೇಕಂತಲೇ. ಜಮಖಂಡಿಯ ಈ ವೃದ್ಧಾಶ್ರಮದಲ್ಲಿ ಅದು ಗೊತ್ತಿದ್ದದ್ದು ನಿಮಗೊಬ್ಬರಿಗೇ — ನೀವು ಯಾರಿಗೂ ಹೇಳಲಿಲ್ಲ.

ನೀವು ತೇರದಾಳದಿಂದ ಬರುವ ಮೊದಲು ಇಲ್ಲಿ ನನ್ನದೇ ಮಾತು ನಡೆಯುತ್ತಿತ್ತು. ಬನಹಟ್ಟಿಯ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳು. ಊಟ ಬಡಿಸುವ ಉಸ್ತುವಾರಿಯನ್ನು ನನಗೇ ಕೊಟ್ಟಿದ್ದರು. ಶಾಲೆಯಲ್ಲಿದ್ದ ಹಾಗೆ ಇಲ್ಲೂ ಎಲ್ಲರ ಬಾಯಲ್ಲಿ ನಾನು ‘ಅಕ್ಕೋರು’. ನೀವು ಬಂದಿರಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಲೆ ಬಾಚಿದಿರಿ, ತಿಂಗಳೊಳಗೆ ಎಲ್ಲರೂ ನಿಮ್ಮ ಮಂಚದ ಸುತ್ತ. ನನಗೆ ಹೊಟ್ಟೆ ಉರಿಯಿತು. ಎಪ್ಪತ್ತು ದಾಟಿದವಳಿಗೆ ಎಂಥ ಹೊಟ್ಟೆಕಿಚ್ಚು!

ಜೈನರಾದ ನೀವು ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ನಿಮ್ಮ ಎರಡು ರೊಟ್ಟಿ, ಪಲ್ಯ ಬಿಸಿಲಿರುವಾಗಲೇ ಸಿದ್ಧವಾಗುತ್ತಿತ್ತು. ಬಡಿಸಬೇಕಾದವಳು ನಾನು.

“ತಡೀರಿ, ಎಲ್ಲಾರ ಜೋಡಿ ಉಂಡ್ರ ಏನಾಗತೈತಿ?” ಎನ್ನುತ್ತಿದ್ದೆ.

ನೀವು ತಾಟು ಹಿಡಿದು ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದಿರಿ. ಲೈಟು ಹಚ್ಚಿದ ಮೇಲೆ ನಾನು ಬಡಿಸಲು ಏಳುತ್ತಿದ್ದೆ. ನೀವು ಖಾಲಿ ತಾಟನ್ನೇ ತೊಳೆದಿಟ್ಟು — ತೊಳೆಯುವುದೇನಿತ್ತು ಅದರಲ್ಲಿ? — ಹೋಗಿ ಮಲಗುತ್ತಿದ್ದಿರಿ.

ಹೀಗೆ ಉಪವಾಸ ಮಲಗಿದ ನಾಲ್ಕನೆಯ ಸಂಜೆ ತಲೆಸುತ್ತಿ ಬಿದ್ದಿರಿ. ಮೇಲ್ವಿಚಾರಕಿ ಓಡಿ ಬಂದು, ಇವರು ಯಾಕೆ ಉಂಡಿಲ್ಲ ಎಂದು ಕೇಳಿದರು. ನನ್ನ ಬಾಯಿಂದ ಬಂದದ್ದು ಇದು:

“ನಾವು ಮುಟ್ಟಿದ್ದು ಒಲ್ಲೆ ಅಂತಾರ್ರಿ ಅವರು.”

ನೀವು ನನ್ನ ಮುಖ ನೋಡಿದಿರಿ. “ಹಂಗೇನಿಲ್ರಿ. ನನಗ ಹಸಿವಿ ಇರಲಿಲ್ಲ” ಎಂದಿರಿ. ಎಲ್ಲರೂ ನಂಬಿದ್ದು ನನ್ನನ್ನು. ನಿಮ್ಮಿಂದ ತಲೆ ಬಾಚಿಸಿಕೊಂಡವರೇ ಮುಖ ತಿರುಗಿಸಿದರು. ವಾರದೊಳಗೆ ನಿಮ್ಮ ತಮ್ಮನ ಮಗ ಬಂದು ಕರೆದುಕೊಂಡು ಹೋದ. ಹೋಗುವಾಗ ನೀವು ಎಲ್ಲರಿಗೂ ಕೈ ಮುಗಿದಿರಿ, ನನಗೂ —

ಈಗ ನನ್ನ ಕೈ ನಡುಗುತ್ತದೆ, ಬೇರೆಯವರು ಉಣಿಸಬೇಕು. ಅವರು ಫೋನಿನಲ್ಲಿ ಮಾತಿಗೆ ನಿಂತರೆ ನಾನು ಕಾಯುತ್ತೇನೆ. ಇದೇ ನನಗೆ ಶಿಕ್ಷೆ ಎಂದುಕೊಂಡರೆ ಅದೂ ಒಂದು ನೆಪವೇ. ನಿಮ್ಮ ಹಸಿವು ನನ್ನ ಹಸಿವಿನಿಂದ ತೀರುವುದಿಲ್ಲ.

ಹೋದ ವಾರ ಊಟದ ಹೊತ್ತಿಗೆ ಎಲ್ಲರೆದುರು ಹೇಳಿಬಿಟ್ಟೆ — ಪದ್ಮಕ್ಕ ಹಾಗೆ ಅಂದಿರಲಿಲ್ಲ, ಅದು ನಾನು ಕಟ್ಟಿದ ಸುಳ್ಳು ಎಂದು. ಪಕ್ಕದ ಮಂಚದ ಗಂಗವ್ವ ತನ್ನ ತಾಟು ಎತ್ತಿಕೊಂಡು ಎದ್ದಳು.

“ಆಕಿ ಸತ್ತ ಸುದ್ದಿ ಬಂದ ಮ್ಯಾಲೆ ಹೇಳ್ತೀರೇನ್ರಿ?”

ಖರೆ. ನೀವು ಇನ್ನಿಲ್ಲವೆಂದು ತಿಳಿದ ಮೇಲೆಯೇ ನನಗೆ ಬಾಯಿ ಬಂದದ್ದು.

ಅವತ್ತಿನಿಂದ ಯಾರೂ ನನ್ನನ್ನು ಅಕ್ಕೋರು ಎಂದು ಕರೆಯುವುದಿಲ್ಲ. ಕರೆಯುವುದೂ ಬೇಡ.