ಸೋದರತ್ತೆಯೇ ಅಜ್ಜಿಯಾದ ಮನೆ

ಲಕ್ಷ್ಮೀಶ ಈ ಮಾರ್ಚಿನಲ್ಲಿ ತೀರಿಕೊಂಡ. ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಬಹುಕಾಲ ಮಾತ್ರೆಗಳ ಗುಣಮಟ್ಟ ನೋಡಿಕೊಂಡವನು. ಕೆಟ್ಟ ಬ್ಯಾಚನ್ನು ಪಕ್ಕಕ್ಕೆ ತಳ್ಳುವಾಗ ಅವನ ಮುಖದಲ್ಲಿ ಯಾವ ತಾತ್ಸಾರ ಕಾಣುತ್ತಿತ್ತೋ, ಯೂರೋಪಿನ ಹ್ಯಾಬ್ಸ್‌ಬರ್ಗ್ ರಾಜವಂಶದ ಮಾತು ಬಂದಾಗಲೂ ಅದೇ ಕಾಣುತ್ತಿತ್ತು. ಆ ವಂಶದ ಬಗ್ಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದ್ದ, ಬೈಯುವುದಕ್ಕಾಗಿಯೇ.

“ಯುದ್ಧ ಮಾಡಿ ಗೆದ್ದದ್ದಕ್ಕಿಂತ ಹೆಣ್ಣು ತಂದು ರಾಜ್ಯ ಹೊಡೆದುಕೊಂಡದ್ದೇ ಜಾಸ್ತಿ,” ಎನ್ನುತ್ತಿದ್ದ. “ಬಂದ ಆಸ್ತಿ ಹೊರಗೆ ಹೋಗಬಾರದು ಅಂತ ಸ್ಪೇನಿನ ಕೊಂಬೆಯವನೊಬ್ಬ ತಂಗಿಯ ಮಗಳನ್ನೇ ಕಟ್ಟಿಕೊಂಡ. ಅವರ ಮಗ ಕಾರ್ಲೋಸನಿಗೆ ತುತ್ತು ಅಗಿಯೋದಕ್ಕೂ ಆಗುತ್ತಿರಲಿಲ್ಲ. ಅವನಿಗೆ ಮಕ್ಕಳಾಗಲಿಲ್ಲ, ಕೊಂಬೆ ಒಣಗಿತು. ಆಸ್ಟ್ರಿಯಾದಲ್ಲಿ ಈಗ ಉಳಿದಿರೋದು ಮನೆಅಳಿಯನ ಪೀಳಿಗೆ. ಕಾನೂನು ಬಿರುದು ಕಿತ್ತುಕೊಂಡು ನೂರು ವರ್ಷ ಆಯ್ತು.”

ಇಷ್ಟು ಹೇಳುವವನ ಹೆಂಡತಿ ನಿರುಪಮಾ ಅವನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಅದು ಎಷ್ಟು ಮಾಮೂಲಿಯೆಂದರೆ, ಅವನಿಗಾಗಲಿ ಕೇಳುವವರಿಗಾಗಲಿ ಆ ಹೋಲಿಕೆ ಒಮ್ಮೆಯೂ ಹೊಳೆದಿರಲಿಲ್ಲ.

ಹೋದ ವರ್ಷ ಆ ಅಕ್ಕ, ಶಾಂತಕ್ಕ, ಮೈಸೂರಿನಿಂದ ನೈರೋಬಿಗೆ ಬಂದರು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿ, ಮಗಳನ್ನೂ ಕೊಟ್ಟವರು. ಅವರ ಮಾತಿಗೆ ಲಕ್ಷ್ಮೀಶ ಎಂದೂ ಎದುರಾಡಿದವನಲ್ಲ. ಈ ಸಲ ಅವರ ಮನಸ್ಸಿನಲ್ಲಿದ್ದದ್ದು ಲಕ್ಷ್ಮೀಶನ ಮಗಳು ನಮಿತಾ. ಅವಳನ್ನು ತಮ್ಮ ಕಿರಿಯ ಮಗ ಅಭಿಗೆ, ಅಂದರೆ ಅವಳ ಸೋದರಮಾವನಿಗೇ, ತಂದುಕೊಳ್ಳಬೇಕು. ಅಭಿ ನೈರೋಬಿಯಲ್ಲೇ ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿದ್ದ. “ಮನೆತನ ಹೊರಗೆ ಹೋಗಬಾರದು,” ಎಂದರು ಶಾಂತಕ್ಕ. ಆ ಮನೆತನದ ಸಾಮ್ರಾಜ್ಯವೆಂದರೆ ಒಂದು ಥರ್ಟಿ ಫಾರ್ಟಿ ಸೈಟು, ಅಜ್ಜಿಯ ಕಾಲದ ಒಂದು ಚಿನ್ನದ ಅಡ್ಡಿಕೆ ಸರ. ನಮಿತಾಳನ್ನು ಯಾರೂ ಕೇಳಲಿಲ್ಲ. ಅವಳು ಊಟ ಕಡಿಮೆ ಮಾಡಿದಳು.

ಭಾನುವಾರ ಪಾರ್ಕ್‌ಲ್ಯಾಂಡ್ಸಿನ ದೇವಸ್ಥಾನದಿಂದ ಬಂದು ಅಭಿಯೂ ಸೇರಿ ಎಲ್ಲರೂ ಊಟಕ್ಕೆ ಕೂತಿದ್ದರು. ಅಕ್ಕ ನಿಶ್ಚಿತಾರ್ಥದ ಮಾತು ಎತ್ತಬಾರದೆಂದು ಲಕ್ಷ್ಮೀಶ ತನ್ನ ಹ್ಯಾಬ್ಸ್‌ಬರ್ಗರನ್ನು ಎಳೆದುತಂದ.

“ನಾಚಿಕೆ ಇಲ್ಲದ ಜನ. ಆ ಕಾರ್ಲೋಸನಿಗೆ ಅಪ್ಪನ ತಂಗಿಯೇ ತಾಯಿಯ ತಾಯಿ. ಸೋದರತ್ತೆಯೇ ಅಜ್ಜಿ, ನೋಡು.”

“ಸೇಮ್ ಆಸ್ ಮೀ, ಅಪ್ಪಾ,” ಎಂದಳು ನಮಿತಾ.

ಲಕ್ಷ್ಮೀಶ ಮಗಳನ್ನು ನೋಡಿದ, ಆಮೇಲೆ ಅಕ್ಕನನ್ನು. ಕಲಸಿದ ಅನ್ನದಲ್ಲೇ ಕೈ ನಿಂತಿತು.

“ಅಕ್ಕ, ಈ ಸಂಬಂಧ ಬೇಡ.”

“ನನ್ನ ಮಗಳು ನಿನಗೆ ಬೇಕಾಗಿದ್ದಳು. ನಿನ್ನ ಮಗಳು ನನ್ನ ಮಗನಿಗೆ ಬೇಡವೇನೋ?”

“ಆಗ ನನ್ನನ್ನು ಯಾರು ಕೇಳಿದರು? ಈಗ ನಮಿತಾಳನ್ನಾದರೂ ಕೇಳಿದೆಯಾ?”

ನಿರುಪಮಾ ಮಜ್ಜಿಗೆ ಬಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: “ಆಗ ನನ್ನನ್ನು ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಕೇಳಬೇಕಿತ್ತಮ್ಮ.”

ಶಾಂತಕ್ಕ ಅರ್ಧ ಊಟಕ್ಕೇ ಎದ್ದರು. ಕೆಳಗೆ ಕಾರಿನ ಹತ್ತಿರ ಅಭಿ ಪಿಸುಗುಟ್ಟಿದ: “ಥ್ಯಾಂಕ್ಸ್ ಮಾಮ. ನನಗೂ ಇಷ್ಟ ಇರಲಿಲ್ಲ. ಅಮ್ಮನಿಗೆ ಹೇಳೋ ಧೈರ್ಯ ಇರಲಿಲ್ಲ.”

“ಮತ್ತೆ ಸುಮ್ಮನೆ ಕೂತು ಹಪ್ಪಳ ತಿಂದೆಯಲ್ಲೋ,” ಎಂದ ಲಕ್ಷ್ಮೀಶ. “ನೀನು ಮ್ಯಾಡ್ರಿಡ್‌ನಲ್ಲಿ ಹುಟ್ಟಬೇಕಿತ್ತು.”

ಆ ವಂಶದ ಕಥೆಯನ್ನು ಅವನು ಆಮೇಲೆ ಎಲ್ಲೂ ಹೇಳಲಿಲ್ಲ. ಯಾರಾದರೂ ಕೆಣಕಿದರೆ, “ಅವರಿಗೆ ಕಿರೀಟವಾದರೂ ಇತ್ತು,” ಎಂದು ಮಾತು ಮುಗಿಸುತ್ತಿದ್ದ. ಶಾಂತಕ್ಕ ಅವನ ಜೊತೆ ಮಾತು ಬಿಟ್ಟರು. ಅವನು ಪ್ರತಿ ವಾರ ಫೋನ್ ಮಾಡುತ್ತಿದ್ದ, ಅವರು ಎತ್ತುತ್ತಿರಲಿಲ್ಲ.

ಮಾರ್ಚಿನಲ್ಲಿ ಅವನು ಎದೆನೋವು ಬಂದು ಆಸ್ಪತ್ರೆ ಸೇರಿದಾಗ ಶಾಂತಕ್ಕನೇ ಫೋನ್ ಮಾಡಿದರು. ಲಕ್ಷ್ಮೀಶನಿಗೆ ಆಗ ಪ್ರಜ್ಞೆ ಅಷ್ಟಾಗಿ ಇರಲಿಲ್ಲ. ನಮಿತಾ ಫೋನನ್ನು ಅವನ ಕಿವಿಗೆ ಹಿಡಿದಳು.

“ಲಚ್ಚೂ, ನಿನ್ನ ಮಗಳನ್ನು ಕೇಳಿದೆ ಕಣೋ,” ಎಂದರು ಶಾಂತಕ್ಕ. “ಬೇಡವಂತೆ. ಆಯ್ತು ಅಂದೆ.”

ಅವನಿಗೆ ಕೇಳಿಸಿತೋ ಇಲ್ಲವೋ. ನಮಿತಾ ಕೇಳಿಸಿತು ಎನ್ನುತ್ತಾಳೆ.